ಬೈರಣ್ಣನ ಕೈತೂಕ

ಅಷ್ಟು ಜೋರಾಗಿ ಹೇಳಬಾರದಿತ್ತು. ಬೈರಣ್ಣನ ದೂರು ಇದೊಂದೇ. ಐದು ವರ್ಷವಾದರೂ ದೂರು ಹಳತಾಗಿಲ್ಲ. ಹಾಲು ಕರೆಯುವಾಗ, ಬಾಡಿಗೆಯವರಿಗೆ ನೀರಿನ ಮೋಟರ್ ಹಾಕುವಾಗ, ಹೋಟೆಲಿನಲ್ಲಿ ಬೈಟು ಕಾಫಿಗೆ ಕೈ ಚಾಚುವಾಗ ಇದ್ದಕ್ಕಿದ್ದಂತೆ ಒಳಗಿನಿಂದ ಎದ್ದು ಬರುತ್ತದೆ. "ತೂಕ ನೋಡ್ಲಿ, ಬ್ಯಾಡ ಅಂದೋರ್ಯಾರು? ಬುಕ್ಕಲ್ಲಿ ಬರ್ಕೊಳ್ಲಿ. ನನ್ನ ಪಕ್ಕಕ್ಕೆ ಕರ್ದು ಕಿವೀಲಿ ಹೇಳ್ಲಿ. ಹತ್ತು ಜನ ಹೆಂಗಸರ ಮುಂದೆ ಸಂತೇಲಿ ಕೂಗ್ದಂಗೆ ಕೂಗೋದಾ?" ಎನ್ನುತ್ತಾನೆ. ಕೇಳುವವರು ಯಾರೂ ಸಿಗದಿದ್ದರೆ ಹಸುವಿಗಾದರೂ ಹೇಳುತ್ತಾನೆ.

ಕೂಗಿದವರು ಅಂಗನವಾಡಿಯ ವಿಮಲಾ ಟೀಚರ್. ಕೂಗಿದ್ದು ಎರಡೇ ಮಾತು: "ಸುರಭಿ, ಎಂಟು." ಸುರಭಿ ಬೈರಣ್ಣನ ಮೊಮ್ಮಗಳು. ಎಂಟು ಕೆಜಿ ಅವಳ ತೂಕ. ಆಗ ಅವಳಿಗೆ ಎರಡು ವರ್ಷ ತುಂಬಿ ಒಂಬತ್ತು ದಿನವಾಗಿತ್ತು.

ಬೈರಣ್ಣ ಚಿಕ್ಕಲಸಂದ್ರದ ಹಳೇ ಊರಿನವನು. ಈಗ ಅಪಾರ್ಟ್‌ಮೆಂಟ್ ನಿಂತಿರುವ ಕಡೆ ಅವರಪ್ಪ ರಾಗಿ ಬಿತ್ತುತ್ತಿದ್ದ. ಹೊಲ ಲೇಔಟಾಯಿತು, ಉಳಿದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದಿತು. ಕೆಳಗೆ ಬೈರಣ್ಣನ ಸಂಸಾರ, ಮೇಲೆ ಆರು ಬಾಡಿಗೆ ಮನೆ. ಓದಿದ್ದು ಮೂರನೇ ಕ್ಲಾಸು. ಮೇಷ್ಟ್ರು ಕಿವಿ ಹಿಂಡಿದರೆಂದು ಸ್ಲೇಟನ್ನು ಅವರ ಮೊಣಕಾಲಿಗೆ ಬೀಸಿ ಹೊರಗೆ ಬಂದವನು ಮತ್ತೆ ಒಳಗೆ ಕಾಲಿಡಲಿಲ್ಲ. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಇವನಿಗೆ ಅಂಗೈಯಲ್ಲಿ. ಬಾಯಿ ತೆರೆಯುವ ಮೊದಲೇ ಕೈ ಏನಾದರೂ ಮಾಡಿ ಮುಗಿಸಿರುತ್ತಿತ್ತು. ಕೇಬಲ್‌ನವನ ಏಣಿ, ಬಾಡಿಗೆಯವರ ಹೂವಿನ ಕುಂಡ, ಸ್ವಂತ ಮಗ ಶಶಿಧರನ ಎರಡು ಮೊಬೈಲು, ಎಲ್ಲವೂ ಆ ಕೈಯ ರುಚಿ ನೋಡಿದ್ದವು.

ಮನೆಯ ಹಿಂದೆ ಹಳೆಯ ಕೊಟ್ಟಿಗೆ. ನಡುವೆ ಗೋಡೆ ಎಬ್ಬಿಸಿ ಒಂದು ಪಾಲಿನಲ್ಲಿ ಕೆಂಚಿ ಎಂಬ ಹಸು, ಇನ್ನೊಂದು ಪಾಲಿನಲ್ಲಿ ಅಂಗನವಾಡಿ. ಅವರಪ್ಪ ಬದುಕಿದ್ದಾಗ ಬಿಟ್ಟುಕೊಟ್ಟ ಜಾಗ ಅದು. "ಕೂಸುಗಳು ಕೂತ ಜಾಗ ಮಾರಮ್ಮನ ಗುಡಿಗಿಂತ ಕಮ್ಮಿ ಅಲ್ಲ ಕಣ್ಲಾ" ಎಂದು ಹೇಳಿ ಸತ್ತಿದ್ದ. ವಿಮಲಾ ಟೀಚರ್ ತ್ಯಾಗರಾಜನಗರದ ಒಂದು ವಠಾರದಿಂದ ಎರಡು ಬಸ್ಸು ಬದಲಿಸಿ ಇಪ್ಪತ್ತು ವರ್ಷ ಅಲ್ಲಿಗೆ ಬಂದರು. ಗಾರೆಯವರ, ಆಟೋದವರ, ಮನೆಗೆಲಸದವರ ಮಕ್ಕಳು ಅವರ ಮುಂದೆ ಕೂತು ಹಾಡು ಕಲಿತವು, ಮೊಟ್ಟೆ ತಿಂದವು, ಚಾಪೆಯ ಮೇಲೆ ಮಲಗಿ ಎದ್ದವು. ಊರಿನ ಹಳೇ ಮನೆಗಳವರು ಮಾತ್ರ ತಮ್ಮ ಮಕ್ಕಳನ್ನು ಅಲ್ಲಿ ಕೂರಿಸುತ್ತಿರಲಿಲ್ಲ. ಅದು ಬಾಡಿಗೆಯವರ ಮಕ್ಕಳ ಜಾಗ. ಆದರೆ ಪುಸ್ತಕದಲ್ಲಿ ಹೆಸರು ಬರೆಸುತ್ತಿದ್ದರು. ಹೆಸರಿದ್ದರೆ ತಿಂಗಳಿಗೊಮ್ಮೆ ಪುಷ್ಟಿ ಹಿಟ್ಟಿನ ಪ್ಯಾಕೆಟ್ ಬರುತ್ತಿತ್ತಲ್ಲ.

ಬೈರಣ್ಣನ ಮನೆಗೂ ಸುರಭಿಯ ಹೆಸರಿನಲ್ಲಿ ಪ್ಯಾಕೆಟ್ ಬಂತು. ಬಂದದ್ದು ನೇರವಾಗಿ ಕೆಂಚಿಯ ಬಾನಿಗೆ ಹೋಯಿತು. ಒಂದು ದಿನ ಟೀಚರ್ ಅದನ್ನು ಕಣ್ಣಾರೆ ಕಂಡರು.

"ಬೈರಣ್ಣ, ಅದು ಮಗೂಗೆ ಗಂಜಿ ಮಾಡಿ ಕೊಡೋದಲ್ವಾ?"

"ಹಸು ತಿಂದ್ರೆ ಎಲ್ಲಿಗೋಯ್ತದೆ ಟೀಚರಮ್ಮ? ಹಾಲಾಗಿ ಮಗೂ ಹೊಟ್ಟೆಗೇ ತಾನೆ ಬರೋದು? ಒಂದು ಸುತ್ತು ಹಾಕ್ಕೊಂಡು ಬತ್ತದೆ, ಅಷ್ಟೆ!"

ಬೈರಣ್ಣ ತನ್ನ ಮಾತಿಗೆ ತಾನೇ ನಕ್ಕ. ಟೀಚರ್ ನಗಲಿಲ್ಲ. "ಹಾಲೊಂದ್ರಿಂದ್ಲೇ ಆಗಲ್ಲ ಬೈರಣ್ಣ" ಎಂದು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಒಳಗೆ ಯಾವುದೋ ಮಗು ಅತ್ತಿತು.

ಮೊಮ್ಮಗಳೆಂದರೆ ಬೈರಣ್ಣನಿಗೆ ಪ್ರಾಣ. ಮನೆಯವರ ಮಾತಿಗೆ ಗುರ್ರೆನ್ನುವವನು ಅವಳ ಮುಂದೆ ನಾಲ್ಕು ಕಾಲಿನ ಆನೆಯಾಗುತ್ತಿದ್ದ. ಬೆಳಗ್ಗೆ ಒಂದು ಬಾಟಲಿ, ಹತ್ತಕ್ಕೊಂದು, ಮಧ್ಯಾಹ್ನ ಒಂದು, ಸಂಜೆ ಎರಡು, ಕೆಂಚಿಯ ಹಾಲನ್ನು ಸ್ವಂತ ಕೈಯಿಂದ ಕುಡಿಸುತ್ತಿದ್ದ. ಜೊತೆಗೆ ಹಾಲಿನಲ್ಲಿ ಅದ್ದಿದ ಕ್ರೀಮ್ ಬಿಸ್ಕತ್ತು. ಸೊಸೆ ಅರ್ಪಿತ ಸೊಪ್ಪಿನ ಸಾರಿನಲ್ಲಿ ಅನ್ನ ಕಲಸಿ ತಂದರೆ ಮಗು ಬಾಯಿ ತಿರುಗಿಸುತ್ತಿತ್ತು. "ಬ್ಯಾಡ ಅಂದ್ರೆ ಯಾಕವ್ವ ತುರುಕ್ತೀಯ? ಹೊಟ್ಟೆ ತುಂಬೈತೆ" ಎಂದು ಬೈರಣ್ಣ ತಟ್ಟೆ ಸರಿಸುತ್ತಿದ್ದ. ಹೊಟ್ಟೆಯೇನೋ ತುಂಬಿತ್ತು. ಮಗು ಮಾತ್ರ ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟು ಕೂತುಬಿಡುತ್ತಿತ್ತು. ಕೂತಲ್ಲೇ ಗೋಡೆಯ ಸುಣ್ಣ ಕೆರೆದು ನೆಕ್ಕುತ್ತಿತ್ತು. "ಕೃಷ್ಣ ಮಣ್ಣು ತಿನ್ನಲಿಲ್ವಾ?" ಅದಕ್ಕೂ ಅವನ ಬಳಿ ಉತ್ತರವಿತ್ತು.

ಎರಡು ವರ್ಷ ತುಂಬಿದ ದಿನ ಮಾರಮ್ಮನ ಗುಡಿಯಲ್ಲಿ ಬೆಲ್ಲದ ತುಲಾಭಾರ ಇಟ್ಟುಕೊಂಡ. ಹಿಂದಿನ ತಿಂಗಳು ದಾಯಾದಿಯ ಮೊಮ್ಮಗ ಹನ್ನೊಂದು ಕೆಜಿ ತೂಗಿದ್ದ. ಆದ್ದರಿಂದ ಬೈರಣ್ಣ ಮಗುವನ್ನು ತೂಗಿ ನೋಡುವ ಮೊದಲೇ ಊರಿಗೆಲ್ಲ "ಹನ್ನೆರಡು" ಎಂದು ಸಾರಿದ್ದ. ಕೆಜಿಗೆ ಒಂದರಂತೆ ಹನ್ನೆರಡು ಉಂಡೆ ಬೆಲ್ಲ ಬುಟ್ಟಿಯಲ್ಲಿ ಬಂದಿತ್ತು. ಒಂದು ತಟ್ಟೆಯಲ್ಲಿ ಮಗುವನ್ನು ಕೂರಿಸಿದರು. ಇನ್ನೊಂದರಲ್ಲಿ ಪೂಜಾರಿ ದುಂಡಪ್ಪ ಒಂದೊಂದೇ ಉಂಡೆ ಇಡುತ್ತ ಹೋದ. ಎಂಟನೆಯ ಉಂಡೆಗೆ ತಟ್ಟೆಗಳೆರಡೂ ಸರಿಯಾಗಿ ನಿಂತವು. ಬುಟ್ಟಿಯಲ್ಲಿ ಇನ್ನೂ ನಾಲ್ಕು ಇದ್ದವು. ದೇವರ ಮುಂದೆ ತಂದ ಬೆಲ್ಲ ಮನೆಗೆ ವಾಪಸ್ ಹೋಗುವ ಹಾಗಿಲ್ಲ. ದಾಯಾದಿ ಎದುರಿಗೇ ನಿಂತಿದ್ದಾನೆ. ಬೈರಣ್ಣ ಮಗು ಬೀಳದಂತೆ ಹಿಡಿಯುವವನ ಹಾಗೆ ಮುಂದೆ ಬಂದ. ಹೆಗಲ ಮೇಲಿನ ಶಲ್ಯವನ್ನು ತಟ್ಟೆಯ ಅಂಚಿಗೆ ಇಳಿಬಿಟ್ಟು, ಅದರ ಮರೆಯಲ್ಲಿ ಬಲಗೈಯಿಂದ ಮಗುವಿನ ತಟ್ಟೆಯನ್ನು ಒತ್ತಿ ಹಿಡಿದ. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ದುಂಡಪ್ಪ ಶಲ್ಯದ ಕಡೆ ನೋಡಿದ, ಬೈರಣ್ಣನ ಮುಖ ನೋಡಿದ, "ಸರಿಹೋಯ್ತು, ತಾಯಿ ಒಪ್ಪಿಕೊಂಡ್ಳು" ಎಂದು ಗಂಟೆ ಬಾರಿಸಿದ. ಬಾಡಿಗೆಯವರಿಗೆಲ್ಲ ಬೆಲ್ಲ ಹಂಚಿದ್ದಾಯಿತು.

ಒಂಬತ್ತು ದಿನ ಕಳೆದ ಮೇಲೆ ಅಂಗನವಾಡಿಯಲ್ಲಿ ತೂಕದ ದಿನ. ಕೊಟ್ಟಿಗೆಯ ತೊಲೆಗೆ ಗಡಿಯಾರದಂಥ ತಕ್ಕಡಿ ನೇತುಹಾಕಿ, ಅದರ ಕೆಳಗೆ ಚಡ್ಡಿಯ ಆಕಾರದ ನೀಲಿ ಚೀಲ ಸಿಕ್ಕಿಸಿ, ಮಕ್ಕಳನ್ನು ಒಂದೊಂದಾಗಿ ಅದರಲ್ಲಿ ಇಳಿಬಿಡುತ್ತಿದ್ದರು. ಟೀಚರ್ ಮುಳ್ಳು ನೋಡಿ ಹೇಳಬೇಕು, ಸಹಾಯಕಿ ಬೈರಮ್ಮ ಬರೆದುಕೊಳ್ಳಬೇಕು. ಬೈರಮ್ಮ ಬೇರೆ ಯಾರೂ ಅಲ್ಲ, ಬೈರಣ್ಣನ ಚಿಕ್ಕಮ್ಮನ ವರಸೆ. ಅವಳ ಎರಡೂ ಕಿವಿ ಮಂದ. ಮೆಲ್ಲಗೆ ಹೇಳಿದರೆ ಒಂಬತ್ತನ್ನು ಹತ್ತೆಂದು ಬರೆಯುವವಳು. ಹಾಗಾಗಿ ಟೀಚರ್ ಪ್ರತಿ ತಿಂಗಳೂ ಪ್ರತಿ ಮಗುವಿನ ತೂಕವನ್ನೂ ಕೂಗಿಯೇ ಹೇಳುತ್ತಿದ್ದರು. ಪಕ್ಕದಲ್ಲೇ ಹಾಲು ಕರೆಯುವ ಬೈರಣ್ಣನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನ ದೂರಿನಲ್ಲಿ ಈ ಮಾತು ಮಾತ್ರ ಯಾವತ್ತೂ ಬರುವುದಿಲ್ಲ.

ಅವನು ಹುಲ್ಲಿನ ಹೊರೆ ಹೊತ್ತು ಬಾಗಿಲ ಬಳಿ ಬಂದಾಗ ಸುರಭಿ ಚೀಲದಲ್ಲಿ ತೂಗಾಡುತ್ತಿದ್ದಳು. ಅರ್ಪಿತ ಅವಳ ಬೆನ್ನಿಗೆ ಕೈ ಕೊಟ್ಟಿದ್ದಳು.

"ಕೈ ತೆಗೀಮ್ಮ ಅರ್ಪಿತ" ಎಂದರು ಟೀಚರ್. "ಕೈ ತಾಗಿದ್ರೆ ತೂಕ ಸುಳ್ಳು ಬರುತ್ತೆ."

ಬೈರಣ್ಣನ ಕಾಲು ಅಲ್ಲೇ ನಿಂತಿತು.

"ಸುರಭಿ, ಎಂಟು!"

"ಎಷ್ಟು?" ಎಂದಳು ಬೈರಮ್ಮ.

"ಎಂಟೂ... ಎಂಟು! ತೂಕ ತೀರಾ ಕಮ್ಮಿ, ಕೆಂಪು ಪಟ್ಟೀಲಿ ಬರುತ್ತೆ, ಗುರುತು ಹಾಕಿ."

ಸಾಲಿನಲ್ಲಿದ್ದ ಎರಡನೇ ಮಹಡಿಯ ಹೆಂಗಸು ಸೆರಗು ಬಾಯಿಗೆ ಹಿಡಿದಳು. "ಅಲ್ಲ ಕಣ್ರೀ, ಹನ್ನೆರಡು ಕೆಜಿ ಬೆಲ್ಲ ತಿಂದ್ವಲ್ಲ ನಾವು? ಮಿಕ್ಕ ನಾಲ್ಕು ಕೆಜಿ ಯಾರ ಮಗೂದು?" ಸಾಲೆಲ್ಲ ನಕ್ಕಿತು.

ಹುಲ್ಲಿನ ಹೊರೆ ಕೆಳಗೆ ಎಸೆದು ಬೈರಣ್ಣ ಟೀಚರ್ ಕಡೆ ತಿರುಗಿದ. "ಏಯ್, ಏನಂದೆ? ನಮ್ಮನೆ ಮಗೂಗೆ ಗತಿ ಇಲ್ಲ ಅಂತೀಯಾ? ನಿನ್ನ ತಕ್ಕಡೀನೇ ಸುಳ್ಳು!" ಇಪ್ಪತ್ತು ವರ್ಷ 'ನೀವು, ಟೀಚರಮ್ಮ' ಎಂದ ಬಾಯಲ್ಲಿ ಆ ದಿನ 'ನೀನು' ಬಂತು.

ಟೀಚರ್ ಮೊದಲು ಮಗುವನ್ನು ಚೀಲದಿಂದ ಎತ್ತಿ ಅರ್ಪಿತಳ ಕೈಗೆ ಕೊಟ್ಟರು. ಆಮೇಲೆ ಎರಡು ಕೆಜಿಯ ಅಕ್ಕಿ ಪೊಟ್ಟಣವನ್ನು ಕೊಕ್ಕೆಗೆ ಸಿಕ್ಕಿಸಿದರು. ಮುಳ್ಳು ಎರಡಕ್ಕೆ ನಿಂತಿತು. "ತಕ್ಕಡಿ ಸರಿಯಾಗೇ ಇದೆ, ನೀವೇ ನೋಡಿ. ಬೇಜಾರು ಮಾಡ್ಕೋಬೇಡಿ ಬೈರಣ್ಣ, ಡಾಕ್ಟರ್‌ಗೆ ತೋರಿಸಿದ್ರೆ..."

ಅವರು ಅಷ್ಟು ಮೆತ್ತಗೆ ಹೇಳಿದ್ದೇ ಅವನಿಗೆ ತಡೆಯಲಾಗಲಿಲ್ಲ. ಕೈಯ ವಿಷಯ ಇವರಿಗೆ ಗೊತ್ತು, ದುಂಡಪ್ಪ ಊದಿದ್ದಾನೆ, ಬೇಕಂತಲೇ ಕೊಂಕಾಡಿದರು ಎಂದು ಅವನಿಗೆ ಖಾತ್ರಿಯಾಯಿತು. ತಕ್ಕಡಿಯನ್ನು ತೊಲೆಯಿಂದ ಕಿತ್ತು ಅಂಗಳದ ಒರಳುಕಲ್ಲಿಗೆ ಅಪ್ಪಳಿಸಿದ. ಗಾಜು ಚೂರಾಯಿತು, ಮುಳ್ಳು ಎಗರಿ ಎಲ್ಲೋ ಬಿತ್ತು. ಮಕ್ಕಳು ಒಟ್ಟಿಗೆ ಅಳತೊಡಗಿದವು. "ಈ ವಾರ ಮುಗಿಯೋದ್ರೊಳಗೆ ಖಾಲಿ ಮಾಡಿ. ನಮ್ಮಪ್ಪ ಕೊಟ್ಟ, ನಾನು ಕಿತ್ಕೊಂಡೆ!"

ಟೀಚರ್ ಬಗ್ಗಿ ಗಾಜಿನ ಚೂರನ್ನು ಬರಿಗೈಯಲ್ಲೇ ಆಯತೊಡಗಿದರು. "ಚಪ್ಪಲಿ ಇಲ್ದೆ ಓಡಾಡ್ತವೆ ಮಕ್ಳು" ಎಂದಷ್ಟೇ ಅಂದರು.

ಶನಿವಾರದ ಹೊತ್ತಿಗೆ ಚಾಪೆ, ಪಾತ್ರೆ, ಗೋಡೆಯ ಅ ಆ ಇ ಈ ಚಾರ್ಟು ಎಲ್ಲ ಲಗೇಜ್ ಆಟೋ ಹತ್ತಿದವು. ಅಂಗನವಾಡಿ ಮುಖ್ಯರಸ್ತೆಯಾಚೆ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಗೆ ಹೋಯಿತು. ರಸ್ತೆ ದಾಟಿಸಲು ಯಾರೂ ಇಲ್ಲದ ಮಕ್ಕಳು ಬರುವುದನ್ನೇ ಬಿಟ್ಟವು. ಬೈರಣ್ಣ ಹಟಕ್ಕೆ ಬಿದ್ದು ಆ ಜಾಗವನ್ನು ನೀರಿನ ಕ್ಯಾನ್ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟ. "ಆ ಬಾಗಿಲ ಕಡೆ ಯಾರಾದ್ರೂ ತಲೆ ಹಾಕಿದ್ರೆ ಕಾಲು ಮುರೀತೀನಿ" ಎಂದು ಸೊಸೆಗೆ ಹೇಳಿದ. ಹೆಂಡತಿ ಮಂಗಮ್ಮ, "ಕೂಸು ಬೆಳ್ಳಗಾಗ್ತಾ ಐತೆ ಕಣ್ರೀ, ನೋಡ್ರಿ ಸ್ವಲ್ಪ" ಎಂದಳು. "ನಮ್ಮವ್ವನ ಬಣ್ಣ ಬಂದೈತೆ" ಎಂದ.

ಎರಡು ತಿಂಗಳು ಕಳೆಯಿತು. ಸುರಭಿಯಲ್ಲಿ ಏನೋ ಬದಲಾಗತೊಡಗಿತು. ಸುಣ್ಣ ಕೆರೆಯುವುದು ನಿಂತಿತು. ಒಂದು ಬೆಳಗ್ಗೆ ಕೆಂಚಿಯ ಬಾನಿ ಹಿಡಿದು ಎದ್ದವಳು ಬಾನಿ ಬಿಟ್ಟು ಅಂಗಳ ದಾಟಿ ಬಂದು ತಾತನ ಪಂಚೆ ಹಿಡಿದಳು. ಬೈರಣ್ಣ ಅವಳನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿ ಮನೆಮನೆಗೆ ತೋರಿಸಿ ಬಂದ. "ಡಾಕ್ಟ್ರಂತೆ ಡಾಕ್ಟ್ರು! ಕೆಂಚಿ ಹಾಲಿನ ಮಹಿಮೆ ನೋಡ್ರವ್ವಾ!" ಎರಡನೇ ಮಹಡಿಯ ಹೆಂಗಸು ಅರ್ಪಿತಳ ಕಡೆ ನೋಡಿದಳು. ಅರ್ಪಿತ ನೆಲ ನೋಡಿದಳು.

ಮುಂದಿನ ವಾರ ಟೈಲರ್ ಬಳಿ ಹೊಲಿಸಲು ಕೊಟ್ಟ ಅಂಗಿ ತರಲು ಹೋದ. ಮೇಲಿಂದ ಮಕ್ಕಳ ಗಲಾಟೆ. ಮೆಟ್ಟಿಲ ಕೆಳಗಿನ ಚಪ್ಪಲಿಗಳ ನಡುವೆ ಒಂದು ಜೊತೆ ಅವನ ಕಣ್ಣಿಗೆ ಬಿತ್ತು. ನಡೆದರೆ ಕೀಚ್ ಎನ್ನುವ ಕೆಂಪು ಚಪ್ಪಲಿ. ಗಾಂಧಿ ಬಜಾರಿನಲ್ಲಿ ಅವನೇ ಆರಿಸಿ ತಂದದ್ದು. ಅಂಗೈ ಬಿಸಿಯಾಯಿತು. ಏಳು ಮೆಟ್ಟಿಲು ಹತ್ತಿದ. ಎಂಟನೆಯದಕ್ಕೆ ಕಾಲಿಡುವಾಗ ಒಳಗಿನ ಮಾತು ಕಿವಿಗೆ ಬಿತ್ತು.

"ಹಾಲು ಎರಡೇ ಸಲ ತಾನೇ ಈಗ?" ಎಂದು ಟೀಚರ್ ಕೇಳುತ್ತಿದ್ದರು.

"ಹೂಂ ಟೀಚರ್. ಮಿಕ್ಕಿದ್ದು ಕುಡಿದಾಯ್ತು ಅಂತ ಮಾವಂಗೆ ಸುಳ್ಳು ಹೇಳ್ತೀನಿ. ಮಲಗಿಸಿ ಕುಡಿಸ್ತೀನಿ ಅಂತ ಅವರ ಕೈಯಿಂದ ಬಾಟ್ಲಿ ಇಸ್ಕೊಂಡು ನಾನೇ ಕುಡೀತೀನಿ" ಎಂದಳು ಅರ್ಪಿತ. "ಇಲ್ಲಿಗೆ ಬರೋದಕ್ಕೆ ಗುಡಿಗೆ ಅಂತ ಹೇಳ್ತೀನಿ. ಪಾಪ, ಅವ್ರಿಗೆ ಅವಳಂದ್ರೆ ಪ್ರಾಣ. ಗೊತ್ತಾದ್ರೆ ಎದೆ ಒಡ್ಕೋತಾರೆ."

"ಒಡ್ಕೊಳ್ಳೋದು ಬೇಡ. ಹೊಟ್ಟೆ ತುಂಬ ಹಾಲೇ ಆದ್ರೆ ಅನ್ನಕ್ಕೆ ಜಾಗ ಎಲ್ಲಿ? ರಕ್ತ ಎಲ್ಲಿಂದ ಬರ್ಬೇಕು? ಡಾಕ್ಟರ್ ಹೇಳಿದ್ರಲ್ಲ. ಕಬ್ಬಿಣದ ಡ್ರಾಪ್ಸ್ ನಿಲ್ಲಿಸ್ಬೇಡ. ಸೊಪ್ಪಿಗೆ ಎರಡು ಹನಿ ನಿಂಬೆ ಹಿಂಡು." ಆಮೇಲೆ ದನಿ ಏರಿತು. "ಬೈರಮ್ಮ, ಬೇಗ ಬನ್ನಿ! ಮೂರು ಗಂಟೆಯೊಳಗೆ ತಕ್ಕಡಿ ಪದ್ಮನಾಭನಗರದ ಸೆಂಟರ್‌ಗೆ ವಾಪಸ್ ಕೊಡ್ಬೇಕು. ಬಸ್ಸಲ್ಲಿ ನಿಂತ್ಕೊಂಡು ಇದನ್ನ ಹಿಡ್ಕೊಂಡು ಹೋಗೋ ಹೊತ್ತಿಗೆ ನನ್ನ ತೋಳು ಬಿದ್ದೋಗುತ್ತೆ."

ಬಾಗಿಲ ಸಂದಿಯಲ್ಲಿ ಅವನಿಗೆ ಸುರಭಿ ಕಂಡಳು. ಸಾಲಿನ ಕೊನೆಯಲ್ಲಿ ಕೂತು ಎರಡೂ ಕೈಯಲ್ಲಿ ಮೊಟ್ಟೆ ಹಿಡಿದು ಕಚ್ಚುತ್ತಿದ್ದಳು. ಮೂಗಿನ ತುದಿಗೆಲ್ಲ ಹಳದಿ. ಮನೆಯಲ್ಲಿ ಅವಳು ತನ್ನ ಕೈಯಿಂದ ಏನನ್ನೂ ತಿಂದದ್ದನ್ನು ಅವನು ನೋಡಿರಲಿಲ್ಲ. ತಿನ್ನಲು ಅವನು ಬಿಟ್ಟಿರಲೇ ಇಲ್ಲ.

ಅವಳನ್ನು ಚೀಲಕ್ಕೆ ಇಳಿಬಿಟ್ಟರು. ಯಾರೂ ಕೈ ತಾಗಿಸಲಿಲ್ಲ.

"ಸುರಭಿ, ಒಂಬತ್ತು!"

ಬೈರಣ್ಣ ಏಳು ಮೆಟ್ಟಿಲನ್ನೂ ಹಿಂದುಹಿಂದಕ್ಕೆ ಇಳಿದ. ಅಂಗಿ ತೆಗೆದುಕೊಳ್ಳುವುದನ್ನೂ ಮರೆತ. ಮನೆಗೆ ಬಂದವನು ಬಾನಿಯ ಪಕ್ಕ ಉಳಿದಿದ್ದ ಪುಷ್ಟಿ ಪ್ಯಾಕೆಟನ್ನು ಎತ್ತಿ ಮಂಗಮ್ಮನ ಕೈಗೆ ಕೊಟ್ಟು, "ಗಂಜಿ ಮಾಡು, ಮಗೂಗೆ" ಎಂದ. ಮಂಗಮ್ಮ ಗಂಡನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಸಂಜೆ ಅರ್ಪಿತ "ಗುಡಿಗೆ ಹೋಗಿದ್ದೆ ಮಾವ" ಎಂದಾಗ, "ಹೋಗು ತಾಯಿ, ದಿನಾ ಹೋಗು" ಎಂದ. ಅವಳು ಗಾಬರಿಯಾಗಿ ಅವನ ಮುಖ ನೋಡಿದಳು. ಅವನು ಕೆಂಚಿಯ ಬೆನ್ನು ಉಜ್ಜುತ್ತಿದ್ದ.

ಮಾರನೆಯ ದಿನ ಪೇಟೆಗೆ ಹೋಗಿ ತಕ್ಕಡಿ ಅಂಗಡಿ ಹುಡುಕಿದ. ಅಂಥದೇ ಗಡಿಯಾರದ ತಕ್ಕಡಿ, ಅಂಥದೇ ನೀಲಿ ಚೀಲ ಸಿಕ್ಕಿತು. "ಸರಿಯಾಗಿ ತೋರ್ಸುತ್ತೇನಪ್ಪಾ?" ಎಂದ. "ನೀವೇ ಎಳೆದು ನೋಡಿ ಅಣ್ಣ" ಎಂದ ಅಂಗಡಿಯವನು. ಬೈರಣ್ಣ ಬಲಗೈಯನ್ನು ಚೀಲದೊಳಗಿಟ್ಟು ಒತ್ತಿದ. ಮುಳ್ಳು ಒಂದಕ್ಕೆ ಬಂತು, ಎರಡಕ್ಕೆ ಬಂತು. ಇನ್ನೂ ಒತ್ತಿದ. ಮೂರು. ತೋಳಿನ ನರ ಎದ್ದಿತು. ನಾಲ್ಕಕ್ಕೆ ಬಂದಾಗ ಮಣಿಕಟ್ಟು ನೋಯತೊಡಗಿತ್ತು. ಶಲ್ಯದ ಮರೆಯಲ್ಲಿ ಇಷ್ಟು ಒತ್ತಿದ್ದೆನೇ? ಇಷ್ಟು ಹೊತ್ತು? ತಟ್ಟೆಯಲ್ಲಿ ಕೂತ ಮಗು ಆ ದಿನ ತನ್ನ ಮುಖವನ್ನೇ ನೋಡುತ್ತಿತ್ತು ಎಂಬುದು ಆಗ ನೆನಪಾಯಿತು. ಕೈ ಮಾತ್ರ ಒತ್ತುತ್ತಲೇ ಇತ್ತು. ಅಂಗಡಿಯವನು, "ಅಣ್ಣ, ಸ್ಪ್ರಿಂಗ್ ಹಾಳಾಗುತ್ತೆ, ಬಿಡಿ" ಎಂದ.

ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡ. 'ಟೀಚರಮ್ಮ, ನಿಮ್ಮ ತಕ್ಕಡಿ ಸರಿಯಾಗಿತ್ತು. ಸುಳ್ಳು ನನ್ನ ಕೈಯದು. ತಪ್ಪಾಯ್ತು.' ಇಷ್ಟೇ. ಮೆಟ್ಟಿಲು ಹತ್ತುವಾಗಲೂ ನಾಲಿಗೆಯ ಮೇಲೆ ಇತ್ತು.

ಒಳಗೆ ಐದಾರು ತಾಯಂದಿರಿದ್ದರು. ಡಬ್ಬ ಬಿಚ್ಚಿದ ಟೀಚರ್ ಮುಖ ಮಕ್ಕಳ ಮುಖದಂತೆ ಅರಳಿತು. "ಅಯ್ಯೋ, ಹೊಸಾದು! ಬೈರಮ್ಮ, ಇನ್ಮೇಲೆ ಬಸ್ಸಲ್ಲಿ ಹೊತ್ತು ತರೋದು ತಪ್ಪಿತು ನೋಡಿ." ಹಳೆಯದನ್ನು ಒಡೆದವನು ಯಾರೆಂಬುದನ್ನು ಮರೆತವರಂತೆ ಸಂತೋಷಪಟ್ಟರು. ಆಮೇಲೆ ದಾಸ್ತಾನು ಪುಸ್ತಕ ತೆಗೆದು, "ಸಾಮಾನು ಬಂದ್ರೆ ಇದ್ರಲ್ಲಿ ಬರೀಬೇಕು ಬೈರಣ್ಣ. ಹೆಸರು ಬರೆದೆ. ಯಾವ ಬಾಬ್ತು ಅಂತ ಬರ್ಕೊಳ್ಲಿ?" ಎಂದರು.

ಪೆನ್ನು ಕಾಯುತ್ತಿತ್ತು. ಒಡೆದದ್ದರ ಬದಲಿಗೆ ಎನ್ನಬೇಕಿತ್ತು. ಆರು ಹೆಂಗಸರು ಅವನನ್ನೇ ನೋಡುತ್ತಿದ್ದರು.

"ದಾನ ಅಂತ ಬರ್ಕೊಳಿ" ಎಂದ ಬೈರಣ್ಣ.

ಟೀಚರ್ ಒಂದು ಕ್ಷಣ ತಲೆಯೆತ್ತಿ ನೋಡಿದರು. ಆಮೇಲೆ ಬರೆದುಕೊಂಡರು. ಅವನು ಹೊರಡುವಾಗ, "ಕೊಟ್ಟಿಗೆ..." ಎಂದು ಶುರುಮಾಡಿದ. ಕೊಟ್ಟಿಗೆಯಲ್ಲಿ ಕ್ಯಾನಿನವನಿದ್ದ, ಈ ಕೋಣೆಗೆ ಬಾಡಿಗೆಯ ಕಾಗದಪತ್ರ ಆಗಿಹೋಗಿತ್ತು. "ಇರ್ಲಿ ಬಿಡಿ ಬೈರಣ್ಣ" ಎಂದರು ಟೀಚರ್. ಯಾವುದಕ್ಕೆ ಹಾಗೆಂದರೋ ಅವನಿಗೆ ತಿಳಿಯಲಿಲ್ಲ.

ತಿಂಗಳೊಳಗೆ ಅಂಗನವಾಡಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಅಕ್ಷರ ಎದ್ದವು: 'ತೂಕದ ಯಂತ್ರದ ದಾನಿಗಳು, ಶ್ರೀ ಬೈರಣ್ಣನವರು.' ಮೂರನೇ ಕ್ಲಾಸಿನ ಓದಿಗೂ ಅಷ್ಟು ಓದಲು ಬರುತ್ತಿತ್ತು. ಅವನು ಆ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಓಡಾಡತೊಡಗಿದ.

ಎರಡು ವರ್ಷದ ಕೆಳಗೆ ವಿಮಲಾ ಟೀಚರ್ ನಿವೃತ್ತರಾದರು. ಬೀಳ್ಕೊಡುಗೆಗೆ ದಾನಿಗಳೆಂದು ಅವನನ್ನೂ ಕರೆದು, ಹಾರ ಹಾಕಿ, ಮೈಕು ಕೈಗೆ ಕೊಟ್ಟರು. ಮುಂದಿನ ಸಾಲಿನಲ್ಲಿ ಸುರಭಿ ಕೂತಿದ್ದಳು, ಗುಂಡುಗುಂಡಗೆ, ಕಾಲು ಆಡಿಸುತ್ತ. ಬೈರಣ್ಣ "ಎಲ್ರಿಗೂ ನಮಸ್ಕಾರ" ಎಂದ. ಮೈಕನ್ನು ಪಕ್ಕದವರ ಕೈಗೆ ಕೊಟ್ಟು ಶಲ್ಯದಿಂದ ಮುಖ ಒರೆಸಿಕೊಂಡ. ಟೀಚರ್ ಅಗಲುತ್ತಿರುವ ದುಃಖ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಟೀಚರ್ ಸಂಜೆಯ ಬಸ್ಸು ಹತ್ತಿ ಹೋದರು. ಆಮೇಲೆ ವಠಾರ ಬಿಟ್ಟು ತುಮಕೂರಿನ ಕಡೆ ತಂಗಿಯ ಮನೆಗೆ ಹೋದರೆಂದು ಸುದ್ದಿ ಬಂತು. ಊರಿನ ಹೆಸರು ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಹೋದ ತಿಂಗಳು ಬೈರಣ್ಣ ಕೆಂಚಿಯ ಗಿಣ್ಣು ಕೊಡಲು ಅಂಗನವಾಡಿಗೆ ಹೋಗಿದ್ದ. ಹೊಸ ಟೀಚರ್ ಹೊರಗೆ ಹೋಗಿದ್ದರು. ತೂಕದ ದಿನ, ತಾಯಂದಿರು ಸಾಲಾಗಿ ಕೂತು ಕಾಯುತ್ತಿದ್ದರು. ಬೈರಮ್ಮ ತಕ್ಕಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಬೈರಣ್ಣ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಇವಳಿಗಾದರೂ ಹೇಳಿದರೆ, ಇವಳು ಯಾವತ್ತಾದರೂ ವಿಮಲಾ ಟೀಚರ್‌ಗೆ ಮುಟ್ಟಿಸಿಯಾಳು ಎನಿಸಿತು.

"ಚಿಕ್ಕಮ್ಮ" ಎಂದ, ಆದಷ್ಟು ಮೆಲ್ಲಗೆ. "ಆವತ್ತು ಗುಡೀಲಿ ನಾನು ತಟ್ಟೆ ಒತ್ತಿ ಹಿಡಿದಿದ್ದೆ."

"ಆಂ?" ಬೈರಮ್ಮ ಕಿವಿಗೆ ಕೈ ಕೊಟ್ಟಳು. "ಏನೋ ಅದು? ಜೋರಾಗಿ ಹೇಳೋ ಬೈರ, ಕೇಳ್ಸಾಕಿಲ್ಲ!"

ಸಾಲಿನ ಹೆಂಗಸರೆಲ್ಲ ಇತ್ತ ತಿರುಗಿದರು.

"ಏನಿಲ್ಲ ಚಿಕ್ಕಮ್ಮ" ಎಂದ ಬೈರಣ್ಣ. "ಗಿಣ್ಣು ತಂದಿದ್ದೆ. ಮಕ್ಳಿಗೆ ಕೊಡು."